ಚೆಕ್ ಜಾವಾದ ಇಳಿತದಲ್ಲಿ ಕಡಲೆಕಾಯಿ ಹುಳು

ಸಿಂಗಪುರದ ಪೂರ್ವ ತುದಿಯಲ್ಲಿ, ಚಾಂಗಿ ವಿಮಾನ ನಿಲ್ದಾಣದಿಂದ ಉತ್ತರಕ್ಕೆ, ಚಾಂಗಿ ಪಾಯಿಂಟ್ ಎಂಬ ದೋಣಿಕಟ್ಟೆ ಇದೆ. ಪುಲಾವ್ ಉಬಿನ್ ದ್ವೀಪಕ್ಕೆ ಹೋಗುವವರು ಇಲ್ಲಿಂದಲೇ ಹೋಗಬೇಕು. ದೋಣಿ ಇಂಥ ಹೊತ್ತಿಗೇ ಹೊರಡುತ್ತದೆ ಎಂದಿಲ್ಲ. ಹನ್ನೆರಡು ಜನ ಸೇರಿದರೆ ಚಾಲಕ ಹಗ್ಗ ಬಿಚ್ಚುತ್ತಾನೆ. ಸ್ವಲ್ಪ ಹೊತ್ತಿನಲ್ಲೇ ಆಚೆ ದಡ. ಉಬಿನ್ ಗ್ರಾನೈಟ್ ದ್ವೀಪ. ಒಂದು ಕಾಲದ ಕಲ್ಲುಗಣಿಗಳಲ್ಲಿ ಈಗ ನೀರು ನಿಂತು ಕೆರೆಗಳಾಗಿವೆ. ದೋಣಿಕಟ್ಟೆಯಿಂದ ಪೂರ್ವಕ್ಕೆ ಮೂರು ಕಿಲೋಮೀಟರಿಗೂ ಸ್ವಲ್ಪ ಹೆಚ್ಚು ನಡೆದರೆ, ಇಲ್ಲವೇ ಬಾಡಿಗೆ ಸೈಕಲ್ ತುಳಿದರೆ, ದ್ವೀಪದ ಮೂಗಿನ ತುದಿಯಂತಿರುವ ಚೆಕ್ ಜಾವಾ ಸಿಗುತ್ತದೆ.

ಸುಮಾರು 100 ಹೆಕ್ಟೇರಿನ ಈ ಜೌಗು ನೆಲದಲ್ಲಿ ಆರು ಬಗೆಯ ನೆಲೆಗಳು ಒಂದಕ್ಕೊಂದು ಅಂಟಿಕೊಂಡಿವೆ: ಕರಾವಳಿ ಕಾಡು, ಕಾಂಡ್ಲಾವನ, ಮರಳುದಿಬ್ಬ, ಕಡಲಹುಲ್ಲಿನ ಹರವು, ಹವಳದ ಚೂರುಗಳ ನೆಲ, ಕಲ್ಲುದಂಡೆ. ಇದನ್ನು ಮಣ್ಣು ತುಂಬಿ ಮುಚ್ಚುವ ಯೋಜನೆ ಆಗಲೇ ಸಿದ್ಧವಾಗಿತ್ತು. 2000ದ ಕೊನೆಯಲ್ಲಿ ನಿಸರ್ಗಾಸಕ್ತರು ಇಲ್ಲಿನ ಜೀವರಾಶಿಯನ್ನು ಕಂಡು ಬೆರಗಾದರು. ಮರುವರ್ಷ ರಾಫಲ್ಸ್ ಜೀವವೈವಿಧ್ಯ ಸಂಗ್ರಹಾಲಯದವರೂ ನೂರಾರು ಸ್ವಯಂಸೇವಕರೂ ಮಣ್ಣಿನಡಿ ಹೂತುಹೋಗಲಿರುವ ಜೀವಿಗಳನ್ನು ದಾಖಲಿಸಲು ಓಡಾಡಿದರು. 2001ರ ಡಿಸೆಂಬರ್‌ನಲ್ಲಿ ಸರ್ಕಾರ ಯೋಜನೆಯನ್ನು ಮುಂದಕ್ಕೆ ಹಾಕಿತು. 2007ರಲ್ಲಿ ಒಂದು ಕಿಲೋಮೀಟರಿಗೂ ಉದ್ದದ ನಡೆಹಾದಿ ತೆರೆಯಿತು. ಮುಂದಕ್ಕೆ ಹಾಕಿದ್ದಾರೆ, ಕೈಬಿಟ್ಟಿಲ್ಲ ಎಂಬುದನ್ನು ಇಲ್ಲಿ ಕಾಲಿಡುವಾಗಲೆಲ್ಲ ನೆನೆಯುತ್ತೇನೆ.

ಬಂದವರ ಕಣ್ಣಿಗೆ ಮೊದಲು ಬೀಳುವುದು ಕಡಲನಕ್ಷತ್ರ, ಕಂಬಳಿ ಹರಡಿದಂತಿರುವ ಕಡಲಹೂ, ಮರಳುಬಿಲ್ಲೆ. ನಾನು ಬಂದದ್ದು ಅವುಗಳಿಗಾಗಿ ಅಲ್ಲ, ಕಡಲೆಕಾಯಿ ಹುಳುವಿಗಾಗಿ. ಮುಟ್ಟಿದರೆ ಮುದುಡಿ, ಸಿಪ್ಪೆಸಹಿತದ ನೆಲಗಡಲೆಯ ಆಕಾರ ತಾಳುತ್ತದೆ ಎಂದು ಅದಕ್ಕೆ ಈ ಹೆಸರು. ವಿಜ್ಞಾನದಲ್ಲಿ ಅದು ಸಿಪಂಕ್ಯುಲಾ. ಜಗತ್ತಿನಲ್ಲಿ ಸುಮಾರು 150 ಪ್ರಭೇದಗಳಿವೆ, ಎಲ್ಲವೂ ಕಡಲಿನವು. ಕಾಲಿಲ್ಲ, ಕಣ್ಣು ಕಾಣುವುದಿಲ್ಲ, ಎರೆಹುಳುವಿಗಿರುವ ಉಂಗುರಗಳಿಲ್ಲ, ಮೈಮೇಲೆ ಬಿರುಗೂದಲಿಲ್ಲ. ಗುರುತಿಸಲು ಹೊರಟವರಿಗೆ ಹಿಡಿಯಲು ಏನೂ ಸಿಗದು ಅನ್ನಿಸುತ್ತದೆ. ಆದರೆ ಸಿಗುತ್ತದೆ. ಯಾವ ನೆಲದಲ್ಲಿ ಇತ್ತು, ಹೇಗೆ ಚಾಚಿತು, ಹೇಗೆ ಒಳಸೇರಿತು, ಚರ್ಮ ಹೇಗಿತ್ತು ಎಂದು ತಾಳ್ಮೆಯಿಂದ ಬರೆದಿಟ್ಟುಕೊಂಡರೆ ಬಹಳ ದೂರ ಹೋಗಬಹುದು. ಎಲ್ಲಿ ನಿಲ್ಲಬೇಕು ಎಂಬುದೂ ಅಷ್ಟೇ ಮುಖ್ಯ.

ಜೊತೆಗಿದ್ದವಳು ಅಣ್ಣನ ಮಗಳು. ಇಲ್ಲೇ ಕೆಲಸದಲ್ಲಿರುವ ಆಕೆ, ಅನುಮತಿ ಪಡೆದು ಇಳಿತದ ಹೊತ್ತಿನಲ್ಲಿ ಸಮೀಕ್ಷೆ ಮಾಡುವ ಸ್ವಯಂಸೇವಕರ ತಂಡವೊಂದರಲ್ಲಿದ್ದಾಳೆ. ಅನುಮತಿಯಿಲ್ಲದೆ ನಡೆಹಾದಿಯಿಂದ ಕೆಳಗಿಳಿಯುವಂತಿಲ್ಲ. ಇಳಿದವರೂ ಅಗೆಯುವಂತಿಲ್ಲ, ಏನನ್ನೂ ಒಯ್ಯುವಂತಿಲ್ಲ. ಕಲ್ಲನ್ನು ಮಗುಚಿದರೆ ಮೆಲ್ಲಗೆ ಇದ್ದ ಹಾಗೇ ಇಡಬೇಕು.

ನೀರು ಚೆನ್ನಾಗಿ ಇಳಿದ ಮೇಲೆ ಮರಳುದಿಬ್ಬದ ಅಂಚಿಗೆ ಬಂದೆವು. ಮರಳಿನ ಮೇಲೆ ಅಲ್ಲಲ್ಲಿ ಸುರುಳಿ ಸುತ್ತಿದ ಮಣ್ಣಿನ ಗುಪ್ಪೆಗಳು. ಹೊಸಬರು ಇವನ್ನು ಕಂಡೊಡನೆ ಕೆಳಗೆ ಕಡಲೆಕಾಯಿ ಹುಳು ಇದೆ ಅಂದುಕೊಳ್ಳುತ್ತಾರೆ. ಅದು ಓಕ್ ಕಾಯಿ ಹುಳು ಎಂಬ ಬೇರೆಯೇ ಪ್ರಾಣಿಯ ಹಿಕ್ಕೆ. ಮರಳಿನಲ್ಲಿರುವ ಕಡಲೆಕಾಯಿ ಹುಳು ತಾನಿರುವ ಜಾಗದ ಮೇಲೆ ಅಂಥ ಎದ್ದು ಕಾಣುವ ಗುರುತು ಬಿಡುವುದಿಲ್ಲ. ಅಲೆ ಮರಳನ್ನು ಕದಡಿದಾಗಲೋ ಮಳೆನೀರು ಮರಳನ್ನು ಕೊಚ್ಚಿದಾಗಲೋ ಹೊರಬಿದ್ದದ್ದು ಕಂಡರೆ ಅದೇ ಭಾಗ್ಯ.

ಕಡಲಹುಲ್ಲಿನ ನಡುವಿನ ತೆಳುನೀರಿನ ಗುಂಡಿಯಲ್ಲಿ ಅಂಥದ್ದೊಂದು ಇತ್ತು. ಗೇಣಿಗೂ ಕಡಿಮೆ ಉದ್ದ, ತಿಳಿಗುಲಾಬಿ ಬೆರೆತ ಕೆನೆ ಬಣ್ಣ, ತೊಳೆದಿಟ್ಟಂಥ ಮಿನುಗು. ಕೈ ಚಾಚಿದೆ.

“ಚಿಕ್ಕಪ್ಪ, ಮುಟ್ಟಬೇಡಿ. ಮುಟ್ಟಿದರೆ ನೋಡಬೇಕಾದದ್ದೆಲ್ಲ ಒಳಗೆ ಹೋಗುತ್ತದೆ. ಸ್ವಲ್ಪ ಕಾಯಿರಿ” ಅಂದಳು.

ಕಾದೆವು. ಬಿಸಿಲು ಏರುತ್ತಿತ್ತು. ಮುಂತುದಿಯಿಂದ ಸಣ್ಣದೊಂದು ಕೊಳವೆ ಮೊಳೆತು, ಸುತ್ತಲೂ ತಡವುತ್ತ ಮುಂದೆ ಬಂತು. ಆಮೇಲೆ ತಟ್ಟನೆ ಹಿಂದಕ್ಕೆ, ಕಾಲುಚೀಲದ ತುದಿಯನ್ನು ಒಳಗಿನಿಂದ ಹಿಡಿದು ಎಳೆದ ಹಾಗೆ, ತನ್ನನ್ನು ತಾನೇ ಮಗುಚಿಕೊಂಡು ಒಳಹೋಯಿತು. ಗುರುತಿಸುವಿಕೆಯ ಮೊದಲ ಮೆಟ್ಟಿಲು ಇದೇ. ಈ ಪ್ರಾಣಿಯ ಮೈ ಎರಡೇ ಭಾಗ: ಹಿಂದೆ ದಪ್ಪ ಮುಂಡ, ಮುಂದೆ ಒಳಸೇರುವ ತೆಳು ಸೊಂಡಿಲು. ಸೊಂಡಿಲ ತುದಿಯಲ್ಲಿ ಬಾಯಿ, ಅಲ್ಲೇ ಪುಟ್ಟ ಕುಡಿಬಳ್ಳಿಗಳ ಗೊಂಚಲು. ಮೈಗೋಡೆಯ ಸ್ನಾಯುಗಳು ಬಿಗಿದಾಗ ಒಳಗಿನ ದ್ರವದ ಒತ್ತಡಕ್ಕೆ ಸೊಂಡಿಲು ಹೊರಬರುತ್ತದೆ. ಒಳಗೆಳೆಯುವ ಕೆಲಸಕ್ಕೆ ಬೇರೆಯೇ ಸ್ನಾಯುಗಳಿವೆ. ಹೆಚ್ಚಿನ ಜಾತಿಗಳಲ್ಲಿ ನಾಲ್ಕು, ಕೆಲವುಗಳಲ್ಲಿ ಎರಡು, ಕೆಲವುಗಳಲ್ಲಿ ಒಂದೇ.

ಇಷ್ಟು ಕಂಡರೆ, ಮೇಲುನೋಟಕ್ಕೆ ಒಂದೇ ರೀತಿ ಕಾಣುವ ಉಳಿದವುಗಳನ್ನು ಬದಿಗಿಡಬಹುದು. ಇದೇ ಹುಲ್ಲಿನ ನಡುವೆ ಹುಳುವಿನಂತಿರುವ ಕಡಲಸೌತೆಯೂ ಇರುತ್ತದೆ. ಅದರ ಚರ್ಮದಲ್ಲಿ ಕಣ್ಣಿಗೆ ಕಾಣದ ಲಂಗರಿನಾಕಾರದ ಸುಣ್ಣದ ಮುಳ್ಳುಗಳಿರುವುದರಿಂದ ಬೆರಳಿಗೆ ಅಂಟಿಕೊಳ್ಳುತ್ತದೆ. ಗರಿಯಂಥ ಕುಡಿಗಳು ಬಾಯಿಯ ಸುತ್ತ ಸದಾ ಹೊರಗೇ. ಚಮಚ ಹುಳುವಿಗೂ ಸೊಂಡಿಲುಂಟು, ಆದರೆ ಅದು ಕುಗ್ಗುತ್ತದೆಯೇ ಹೊರತು ಮುಂಡದೊಳಗೆ ಸೇರಿಕೊಳ್ಳುವುದಿಲ್ಲ. ಅದರ ಗುದ ಮೈಯ ಹಿಂತುದಿಯಲ್ಲಿ, ಅಂದರೆ ನಾವು ನಿರೀಕ್ಷಿಸುವ ಕಡೆಯೇ. ಕಡಲೆಕಾಯಿ ಹುಳುವಿನ ಗುದ ಹಾಗಲ್ಲ. ಸೊಂಡಿಲು ಮುಂಡಕ್ಕೆ ಸೇರುವ ಜಾಗದ ಬಳಿ, ಬೆನ್ನಿನ ಮೇಲೆ, ಸಣ್ಣ ಅಡ್ಡಸೀಳಿನಂತೆ ಇರುತ್ತದೆ. ಬಾಯಿಂದ ಹೊರಟ ಕರುಳು ಮುಂಡದ ತುದಿಯವರೆಗೆ ಹೋಗಿ, ತಿರುಗಿ, ಹೋದ ದಾರಿಯನ್ನೇ ಹೆಣೆದುಕೊಂಡು ಸುರುಳಿಯಾಗಿ ಮೇಲೆ ಬರುತ್ತದೆ. ಬಿಲದೊಳಗೆ ತಲೆ ಮೇಲಾಗಿ ಬದುಕುವ ಜೀವಕ್ಕೆ ಇದಕ್ಕಿಂತ ಒಳ್ಳೆಯ ಏರ್ಪಾಡು ಇನ್ನೇನಿದ್ದೀತು? ಅಳತೆ ಬರೆಯುವವರಿಗೂ ಅದೇ ಗಡಿಕಲ್ಲು: ಗುದದಿಂದ ಮುಂದಕ್ಕೆ ಸೊಂಡಿಲು, ಹಿಂದಕ್ಕೆ ಮುಂಡ. ಎರಡರ ಉದ್ದವನ್ನೂ ಬೇರೆ ಬೇರೆ ಬರೆಯಬೇಕು, ಯಾವುದು ಉದ್ದ ಎಂಬುದೇ ಒಂದು ಲಕ್ಷಣ.

ಗುಂಡಿಯಲ್ಲಿದ್ದ ಹುಳುವಿನ ಮೈಮೇಲೆ ಉದ್ದಗೆರೆಗಳು ತೆಳುವಾಗಿ ಕಾಣುತ್ತಿದ್ದವು, ಚೌಕಗಳಿರಲಿಲ್ಲ. ಇದನ್ನು ಹೇಳುವುದು ಏಕೆಂದರೆ, ಮರಳಿನಲ್ಲಿರುವ ದೊಡ್ಡ ಕಡಲೆಕಾಯಿ ಹುಳುಗಳಲ್ಲಿ ಸಿಪಂಕ್ಯುಲಸ್ ಜಾತಿಯದಾದರೆ ಉದ್ದ ಸ್ನಾಯುಪಟ್ಟಿಗಳೂ ಅಡ್ಡ ಸ್ನಾಯುಪಟ್ಟಿಗಳೂ ಒಂದನ್ನೊಂದು ಹಾಯ್ದು ಚರ್ಮದ ತುಂಬ ಸಣ್ಣ ಸಣ್ಣ ಚೌಕಗಳು ಏಳುತ್ತವೆ. ಅದರ ಸೊಂಡಿಲು ಗಿಡ್ಡ, ಅದರ ಮೇಲೆ ಹಿಂದಕ್ಕೆ ಬಾಗಿದ ಹುರುಪೆಯಂಥ ಗುಳ್ಳೆಗಳು. ಸೈಫೊನೊಸೋಮಾ ಜಾತಿಯಲ್ಲಿ ಅಂಥ ಅಚ್ಚುಕಟ್ಟಾದ ಚೌಕಗಳು ಕಾಣುವುದಿಲ್ಲ, ಸೊಂಡಿಲ ಮೇಲಿನ ಗುಳ್ಳೆಗಳು ಶಂಕುವಿನಂತೆ ಮೊನಚು. ಆಕೆ ಫೋಟೊ ತೆಗೆದಳು: ಇಡೀ ಮೈ, ಸೊಂಡಿಲ ಬುಡ, ಹಿಂತುದಿ, ಪಕ್ಕದಲ್ಲಿ ಅಳತೆಪಟ್ಟಿ. “ಸೈಫೊನೊಸೋಮಾ ಅಂತ ಬರೆಯಲೇ?” ಎಂದು ಕೇಳಿದೆ. “ಇರಬಹುದು ಅಂತ ಬರೆಯಿರಿ. ಅದಕ್ಕಿಂತ ಮುಂದೆ ಹೋಗಲು ಒಳಗನ್ನು ನೋಡಬೇಕು.”

ಚೌಕಗಳಿರುವ ಆ ಸಿಪಂಕ್ಯುಲಸ್ ಜಾತಿಯ ಒಂದು ಪ್ರಭೇದಕ್ಕೆ ಸಿಪಂಕ್ಯುಲಸ್ ನ್ಯೂಡಸ್ ಎಂಬ ಹೆಸರು ಕೊಟ್ಟವನು ಲಿನೇಯಸ್, 1766ರಲ್ಲಿ. ವಿಯೆಟ್ನಾಮಿನ ಕ್ವಾಂಗ್ ನಿನ್ಹ್ ಕರಾವಳಿಯಲ್ಲಿ ಹೆಂಗಸರು ಇಳಿತದ ಹೊತ್ತಿನಲ್ಲಿ ಸಲಿಕೆ ಹಿಡಿದು ಅಗೆದು ತೆಗೆಯುವ ಸಾ ಸುಂಗ್, ದಕ್ಷಿಣ ಚೀನಾದ ಬೆಯ್‌ಹಾಯ್ ಪೇಟೆಯ ಮರಳುಹುಳು, ಎರಡೂ ಇದೇ ಹೆಸರಿನಡಿ ಬರುತ್ತವೆ. ಒಣಗಿಸಿದ ಸಾ ಸುಂಗ್ ಹಾಕಿ ಕುದಿಸಿದ ಸಾರು ಹನೋಯಿಯಲ್ಲಿ ಫೋ ಎಂಬ ಶಾವಿಗೆ ಸಾರು ಮಾಡುವ ಅಡುಗೆಯವರಿಗೆ ಅಚ್ಚುಮೆಚ್ಚು. ಬೆಲೆಯೂ ಬಲು ದುಬಾರಿ. ಯುರೋಪಿನ ಕಡಲಲ್ಲೂ ಅದೇ ಹುಳು, ಇಲ್ಲೂ ಅದೇ, ಅಮೆರಿಕದಲ್ಲೂ ಅದೇ ಎಂದು ಬಹುಕಾಲ ಎಣಿಸಿದ್ದರು. ಅದಕ್ಕೆ ಕಾರಣವೂ ಇತ್ತು. ಈ ಹುಳುಗಳಲ್ಲಿ ಹಲವುಗಳ ಮರಿಗೆ ಪೆಲಾಗೊಸ್ಫೀರಾ ಎಂದು ಹೆಸರು. ಅದು ತಿಂಗಳುಗಟ್ಟಲೆ ಪ್ರವಾಹದಲ್ಲಿ ತೇಲುತ್ತ ಸಾಗರವನ್ನೇ ದಾಟಬಲ್ಲದು. ಆದರೆ ಗಿಸೆಲಿ ಕವಾಉಚಿ ಮತ್ತು ಗೊಂಜಾಲೊ ಗಿರಿಬೆಟ್ 2014ರಲ್ಲಿ ಬೇರೆ ಬೇರೆ ಕಡಲುಗಳ ಮಾದರಿಗಳ ಡಿಎನ್‌ಎ ಹೋಲಿಸಿದಾಗ, ಒಂದೇ ಹೆಸರಿನಡಿ ಹಲವು ವಂಶಧಾರೆಗಳಿರುವುದು ತಿಳಿಯಿತು. ಅದಕ್ಕೆ ನಾಲ್ಕು ವರ್ಷ ಮೊದಲು ಫ್ಯಾಸ್ಕೊಲೊಸೋಮಾ ಪರ್ಲುಸೆನ್ಸ್ ಎಂಬ ಉಷ್ಣವಲಯದ ಹುಳುವಿನಲ್ಲೂ ಅವರು ಇದನ್ನೇ ಕಂಡಿದ್ದರು.

ಹೀಗೆ ಹಲವು ಹುಳುಗಳು ಒಂದೇ ಹೆಸರಿನಡಿ ಸೇರಿದ್ದರ ಹಿಂದೆ ದೊಡ್ಡ ಕಥೆಯಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಸಿಕ್ಕ ಸಿಕ್ಕ ಮಾದರಿಗೆಲ್ಲ ಹೊಸ ಹೆಸರಿಟ್ಟರು. ಮುದುಡಿದ್ದಕ್ಕೊಂದು, ಚಾಚಿದ್ದಕ್ಕೊಂದು ಎಂಬಂತಾಯಿತು. ಎಡ್ವರ್ಡ್ ಕಟ್ಲರ್ ಇಡೀ ಗುಂಪನ್ನು ಕೈಗೆತ್ತಿಕೊಂಡು 1994ರ ತನ್ನ ಗ್ರಂಥದಲ್ಲಿ ಮುನ್ನೂರಕ್ಕೂ ಹೆಚ್ಚು ಹೆಸರುಗಳನ್ನು ಸುಮಾರು 150ಕ್ಕೆ ಇಳಿಸಿದ. ಕಸ ಗುಡಿಸದಿದ್ದರೆ ಮುಂದಿನವರಿಗೆ ನಡೆಯಲು ದಾರಿಯೇ ಇರುತ್ತಿರಲಿಲ್ಲ ಎಂದು ನನ್ನ ಭಾವನೆ. ಆದರೂ ಆತ ಒಂದೇ ಎಂದು ಕೂಡಿಸಿದ್ದರಲ್ಲಿ ಕೆಲವನ್ನು ಡಿಎನ್‌ಎ ಈಗ ಮತ್ತೆ ಬಿಡಿಸುತ್ತಿದೆ. ನಮ್ಮ ಕರಾವಳಿಗಳ ಮಟ್ಟಿಗೆ ಕೈಪಿಡಿ ಅಂದರೆ ಭಾರತೀಯ ಪ್ರಾಣಿಶಾಸ್ತ್ರ ಸರ್ವೇಕ್ಷಣಾಲಯ 1991ರಲ್ಲಿ ಹೊರತಂದ ಬಿ.ಪಿ. ಹಾಲ್ದಾರ್ ಅವರ ಗ್ರಂಥ. ಅಂಥ ಕೆಲಸಕ್ಕೆ ಪ್ರಶಸ್ತಿಗಳು ಬರುವುದಿಲ್ಲ. ಹುಳುವೊಂದರ ಮುಂದೆ ಕೂತವರಿಗೆ ಅದರ ಬೆಲೆ ಗೊತ್ತು.

ಮರಳು ದಾಟಿ ಹವಳದ ಚೂರುಗಳ ನೆಲಕ್ಕೆ ಬಂದಾಗ ಹುಳುವಿನ ಚೆಹರೆಯೇ ಬದಲಾಗುತ್ತದೆ. ಕಲ್ಲಿನ ಬಿರುಕು, ಸತ್ತ ಹವಳದ ತೂತು, ಸ್ಪಂಜಿನ ಅಡಿ, ಇಂಥಲ್ಲಿ ಬದುಕುವ ಫ್ಯಾಸ್ಕೊಲೊಸೋಮಾ ಜಾತಿಯವು ಚಿಕ್ಕವು, ಕಂದು, ದೊರಗು. ಚರ್ಮದ ಮೇಲೆಲ್ಲ ಗುಳ್ಳೆಗಳು. ಸೊಂಡಿಲ ಬುಡದಲ್ಲೂ ಹಿಂತುದಿಯಲ್ಲೂ ಅವು ದೊಡ್ಡವು, ದಟ್ಟ. ಹಲವು ಪ್ರಭೇದಗಳ ಸೊಂಡಿಲ ಮೇಲೆ ಕಪ್ಪುಪಟ್ಟೆಗಳಿರುತ್ತವೆ. ಸೊಂಡಿಲು ಪೂರ್ತಿ ಹೊರಬಂದರೆ ಕುಡಿಬಳ್ಳಿಗಳ ಸಾಲನ್ನೂ ಗಮನಿಸಬೇಕು. ಮರಳಿನ ಸಿಪಂಕ್ಯುಲಸ್‌ನಲ್ಲಿ ಅವು ಬಾಯಿಯನ್ನು ಸುತ್ತುವರಿದಿರುತ್ತವೆ. ಇಲ್ಲಿ ಬಾಯಿಯನ್ನು ಬಿಟ್ಟು, ಬೆನ್ನ ಕಡೆ ಇರುವ ಒಂದು ಸಂವೇದನಾಂಗದ ಸುತ್ತ ಕಮಾನು ಕಟ್ಟಿರುತ್ತವೆ. ಕುಡಿಗಳು ಗಿಡದಂತೆ ಕವಲೊಡೆದಿದ್ದರೆ ಅದು ಥೆಮಿಸ್ಟೆ. ಇದೆಲ್ಲ ಒಂದು ಭೂತಗನ್ನಡಿಗೆ ಕಾಣುವ ಮಾತು.

ಕಾಣದ್ದು ಸೊಂಡಿಲ ಮೇಲಿನ ಕೊಕ್ಕೆಗಳು. ಮಿಲಿಮೀಟರಿನ ಹತ್ತರಲ್ಲೊಂದು ಭಾಗದಷ್ಟೂ ಇಲ್ಲದ ಅವು ಉಂಗುರ ಉಂಗುರವಾಗಿ ಸಾಲುಗಟ್ಟಿರುತ್ತವೆ. ಕೊಕ್ಕೆಯ ಮೊನೆ ಎಷ್ಟು ಬಾಗಿದೆ, ಎರಡನೆಯ ಮೊನೆ ಇದೆಯೇ, ಒಳಗಿನ ತಿಳಿಗೆರೆಯ ಆಕಾರ ಏನು ಎಂಬುದರ ಮೇಲೆ ಪ್ರಭೇದ ನಿರ್ಧಾರವಾಗುತ್ತದೆ. ಅದಕ್ಕೆ ಹುಳುವನ್ನು ಮೊದಲು ಮೆಂಥಾಲ್ ಅಥವಾ ಮೆಗ್ನೀಸಿಯಂ ಕ್ಲೋರೈಡ್ ಬೆರೆತ ನೀರಿನಲ್ಲಿಟ್ಟು, ಸಡಿಲಗೊಂಡು ಸೊಂಡಿಲು ಹೊರಚಾಚಿದ ಮೇಲೆ ಸಂರಕ್ಷಿಸಬೇಕು. ಅವಸರದಲ್ಲಿ ನೇರವಾಗಿ ಸ್ಪಿರಿಟ್‌ಗೆ ಹಾಕಿದರೆ ಮುದುಡಿ ಗಟ್ಟಿಯಾಗುತ್ತದೆ. ಅದನ್ನು ಮುಂದೆ ಯಾರೂ ಸರಿಯಾಗಿ ಓದಲಾರರು. ಆಮೇಲೆ ಮುಂಡವನ್ನು ಸೀಳಿ ಎಳೆಸ್ನಾಯುಗಳು ಎಷ್ಟು, ಅವು ಎಲ್ಲಿ ಅಂಟಿವೆ, ವಿಸರ್ಜನಾ ನಾಳ ಎರಡೋ ಒಂದೋ, ಕರುಳ ಸುರುಳಿಗೆ ಆಧಾರವಾದ ಸ್ನಾಯು ಹಿಂತುದಿಗೆ ಸೇರಿದೆಯೋ ಇಲ್ಲವೋ ಎಂದು ಎಣಿಸಿ ನೋಡುತ್ತಾರೆ. ಇಷ್ಟೆಲ್ಲ ಮಾಡದೆ, ಬರೀ ಫೋಟೊ ನೋಡಿ ಪ್ರಭೇದದ ಹೆಸರು ಬರೆದು ಬಿಡುವುದು ಈಗ ಹೆಚ್ಚಾಗಿದೆ. ಹೆಸರಿಲ್ಲದ ಒಳ್ಳೆಯ ವಿವರಣೆಗೆ ಇರುವ ಬೆಲೆ ತಪ್ಪು ಹೆಸರಿಗೆ ಇಲ್ಲ. ತಪ್ಪು ಹೆಸರು ಪಟ್ಟಿಯಿಂದ ಪಟ್ಟಿಗೆ ಸಾಗುತ್ತ ಹೋಗುತ್ತದೆ.

ಹವಳದ ನೆಲೆಗಳಲ್ಲಿ ಇನ್ನೊಂದು ಗುಂಪಿದೆ. ಅದನ್ನು ಕಂಡವರು ಮರೆಯುವುದಿಲ್ಲ. ಆಸ್ಪಿಡೊಸೈಫನ್ ಜಾತಿಯವಕ್ಕೆ ಮುಂಡದ ಮುಂತುದಿಯಲ್ಲಿ ಗಟ್ಟಿಯಾದ ಗುರಾಣಿ ಇರುತ್ತದೆ. ಸೊಂಡಿಲು ಒಳಸೇರಿದೊಡನೆ ಆ ಗುರಾಣಿ ಬಿಲದ ಬಾಗಿಲಾಗಿ ಮುಚ್ಚುತ್ತದೆ. ಸೊಂಡಿಲು ಗುರಾಣಿಯ ಹೊಟ್ಟೆಬದಿಯಿಂದ ಓರೆಯಾಗಿ ಹೊರಡುತ್ತದೆ. ಅದೇ ಕ್ಲೀಯೊಸೈಫನ್‌ನಲ್ಲಿ ಸುಣ್ಣದ ಬಿಳಿ ಬಿಲ್ಲೆಗಳನ್ನು ಜೋಡಿಸಿದಂಥ ಗುರಾಣಿ, ಸೊಂಡಿಲು ಅದರ ನಟ್ಟನಡುವಿನಿಂದ. ಓರೆಯೋ ನಡುವೋ ಎಂದು ನೋಡಿದರೆ ಸಾಕು, ಜಾತಿ ತಿಳಿಯುತ್ತದೆ. ಆಸ್ಪಿಡೊಸೈಫನ್‌ಗಳಲ್ಲಿ ಕೆಲವು ಹೆಟೆರೊಪ್ಸಾಮಿಯಾ ಎಂಬ ಪುಟ್ಟ ಒಂಟಿ ಹವಳದ ಬುಡದಲ್ಲಿ ಮನೆ ಮಾಡುತ್ತವೆ. ಹುಳು ಸೊಂಡಿಲು ಚಾಚಿ ಮರಳಿನ ಮೇಲೆ ತೆವಳುತ್ತ ಹವಳವನ್ನೂ ಎಳೆದೊಯ್ಯುತ್ತದೆ. ಮರಳಲ್ಲಿ ಹೂತುಹೋಗದೆ ಹವಳ ಬದುಕುತ್ತದೆ, ಗಟ್ಟಿ ಮನೆಯೊಳಗೆ ಹುಳು ಬದುಕುತ್ತದೆ. 2017ರಲ್ಲಿ ಜಪಾನಿನ ಸಂಶೋಧಕರು ಇಂಥ ಹವಳಗಳಲ್ಲಿ ಹುಳುವಿನ ಜಾಗದಲ್ಲಿ ಕೂತು ಅದೇ ಕೆಲಸ ಮಾಡುವ ಹೊಸ ಸನ್ಯಾಸಿ ಏಡಿಯೊಂದನ್ನು ವಿವರಿಸಿದರು.

ಭರತ ಶುರುವಾಗುವ ಮುನ್ನ ಕಾಂಡ್ಲಾವನ ಸೇರಿದೆವು. ಕೆಸರು ಸೀಗಡಿ ಎತ್ತಿ ಹಾಕಿದ ಮಣ್ಣಿನ ದಿಬ್ಬಗಳು ಆಳೆತ್ತರದ ಬೇರುಗಳ ನಡುವೆ ಗುಡ್ಡಗಳಂತೆ ನಿಂತಿವೆ. ಕೊಳೆತ ಮೊಟ್ಟೆಯ ವಾಸನೆ. ಈ ಕೆಸರಿನಲ್ಲಿ ಉಸಿರಾಡಲು ಆಮ್ಲಜನಕವೇ ಇಲ್ಲ ಎಂಬುದನ್ನು ಆ ವಾಸನೆಯೇ ಹೇಳುತ್ತದೆ. ಇಲ್ಲಿಯೂ ಕಡಲೆಕಾಯಿ ಹುಳು ಇದೆ, ಫ್ಯಾಸ್ಕೊಲೊಸೋಮಾ ಆರ್ಕುವೇಟಮ್. ಕಾಂಡ್ಲಾವನದ ಮೇಲಂಚಿನಲ್ಲಿ, ಭರತದ ನೀರು ದಿನವೂ ಮುಟ್ಟದ ಜಾಗದಲ್ಲೂ ಬದುಕಬಲ್ಲದು. ಚೀನಾದ ಫೂಜಿಯನ್ ಪ್ರಾಂತದವರು ಕುದಿಸಿ ಜೆಲ್ಲಿಯಂತೆ ಗಟ್ಟಿಗೊಳಿಸಿ ತಿನ್ನುವುದು ಇದನ್ನೇ. ನಮ್ಮ ಬಂಗಾಳ ಕೊಲ್ಲಿಯ ಕಾಂಡ್ಲಾವನಗಳಲ್ಲೂ ಇದೆ.

ಸಿಂಗಪುರದ ರಾಷ್ಟ್ರೀಯ ವಿಶ್ವವಿದ್ಯಾಲಯದ ಜೀವವಿಜ್ಞಾನಿಗಳು 1990ರ ದಶಕದಲ್ಲಿ ಈ ಹುಳುವನ್ನು ಹಿಡಿದು, ಆಮ್ಲಜನಕವಿಲ್ಲದಾಗ ಅದು ಹೇಗೆ ತಾಳುತ್ತದೆ ಎಂದು ಪರೀಕ್ಷಿಸಿದ್ದರು. ಕಡಲೆಕಾಯಿ ಹುಳುವಿನ ಮೈದ್ರವದಲ್ಲಿ ಆಮ್ಲಜನಕ ಹೊರುವುದು ನಮ್ಮ ಹಿಮೋಗ್ಲೋಬಿನ್ ಅಲ್ಲ, ಹೆಮೆರಿಥ್ರಿನ್ ಎಂಬ ಬೇರೆ ಪ್ರೋಟೀನು. ಕಬ್ಬಿಣ ಇದರಲ್ಲೂ ಇದೆ, ಆದರೆ ಹೀಮ್ ಇಲ್ಲ. ಎರಡು ಕಬ್ಬಿಣದ ಪರಮಾಣುಗಳು ಸೇರಿ ಆಮ್ಲಜನಕದ ಒಂದು ಅಣುವನ್ನು ಹಿಡಿಯುತ್ತವೆ. ಆಮ್ಲಜನಕ ತುಂಬಿಕೊಂಡಾಗ ನೇರಳೆ ಬೆರೆತ ಗುಲಾಬಿ ಬಣ್ಣ, ಬಿಟ್ಟುಕೊಟ್ಟಾಗ ಬಣ್ಣವೇ ಇಲ್ಲ. ಅಂದಮೇಲೆ ಜೀವಂತ ಹುಳುವಿನ ಮೈಬಣ್ಣವನ್ನಷ್ಟೇ ನಂಬಿ ಗುರುತಿಸಲು ಹೋಗಬಾರದು.

ಇಂಥ ಗಟ್ಟಿ ಜೀವಕ್ಕೂ ಒಂದು ಎಲ್ಲೆಯಿದೆ. ಇಡೀ ಗುಂಪಿನಲ್ಲಿ ಸಿಹಿನೀರಿನಲ್ಲಿ ಬದುಕುವ ಒಂದೇ ಒಂದು ಪ್ರಭೇದವೂ ಇಲ್ಲ. 2006ರ ಕೊನೆ, 2007ರ ಆರಂಭದಲ್ಲಿ ಪಕ್ಕದ ಮಲೇಷ್ಯಾದ ಜೋಹೋರ್ ಕಡೆ ಭಾರಿ ಮಳೆ ಸುರಿದು ನದಿಯ ಸಿಹಿನೀರು ಉಬಿನ್ ಸುತ್ತಲ ಜಲಸಂಧಿಗೆ ನುಗ್ಗಿದಾಗ ಚೆಕ್ ಜಾವಾದಲ್ಲಿ ಕಡಲಹೂ, ಕಡಲನಕ್ಷತ್ರ, ಸ್ಪಂಜುಗಳು ರಾಶಿ ರಾಶಿಯಾಗಿ ಸತ್ತವು. ಮತ್ತೆ ತುಂಬಿಕೊಳ್ಳಲು ವರ್ಷಗಳೇ ಹಿಡಿದವು. ಅಂಥ ಹೊತ್ತಿನಲ್ಲಿ ಎಣಿಸಿಟ್ಟವರ ಹಳೆಯ ದಾಖಲೆ ಇಲ್ಲದಿದ್ದರೆ ಏನು ಹೋಯಿತು, ಏನು ಮರಳಿತು ಎಂದು ಹೇಳಲು ಯಾರಿಗೂ ಆಗುವುದಿಲ್ಲ.

ಈ ಹುಳುಗಳ ಬಲು ಹಳೆಯ ದಾಖಲೆಯೊಂದು ಕಲ್ಲಿನಲ್ಲೂ ಇದೆ. ಚೀನಾದ ಚೆಂಗ್‌ಜಿಯಾಂಗ್ ಶಿಲೆಗಳಲ್ಲಿ ಸಿಕ್ಕ, ಸುಮಾರು 52 ಕೋಟಿ ವರ್ಷ ಹಳೆಯ ಕಡಲೆಕಾಯಿ ಹುಳುಗಳ ಪಳೆಯುಳಿಕೆಗಳನ್ನು 2004ರಲ್ಲಿ ವಿವರಿಸಿದಾಗ, ಸೊಂಡಿಲು, ಮುಂಡ, ಸುತ್ತಿ ಬಂದ ಕರುಳು ಎಲ್ಲ ಇಂದಿನವುಗಳ ಹಾಗೇ ಇದ್ದವು. ಬಹುಕಾಲ ಈ ಹುಳುಗಳನ್ನು ಪ್ರತ್ಯೇಕ ವಂಶವೆಂದೇ ಎಣಿಸಿದ್ದರು. ಈ ಶತಮಾನದ ಡಿಎನ್‌ಎ ಅಧ್ಯಯನಗಳು ಅವನ್ನು ಎರೆಹುಳುವಿನ ಬಳಗವಾದ ವಲಯವಂತಗಳೊಳಗೆ ತಂದು ಕೂರಿಸಿವೆ. ಉಂಗುರವಿಲ್ಲದ್ದು ಉಂಗುರದವರ ಮನೆಗೆ ಹೇಗೆ ಬಂತು ಎಂಬ ಪ್ರಶ್ನೆಗೆ ಮರಿಯ ನರಮಂಡಲದಲ್ಲಿ ಸುಳಿವಿದೆ: ಬೆಳೆಯುವ ಹಂತದಲ್ಲಿ ಖಂಡಗಳ ಛಾಯೆ ಮೂಡಿ, ಮುಂದೆ ಅಳಿದುಹೋಗುತ್ತದೆ ಎಂದು 2008ರಲ್ಲಿ ಫ್ಯಾಸ್ಕೊಲೊಸೋಮಾ ಅಗಾಸಿಜಿಯ ಮರಿಗಳಲ್ಲಿ ತೋರಿಸಿದರು.

ನಡೆಹಾದಿಯ ಮೆಟ್ಟಿಲ ಮೇಲೆ ಕೂತು ಆಕೆ ದಾಖಲೆ ಹಾಳೆ ತುಂಬಿದಳು. ಪ್ರಭೇದದ ಅಂಕಣ ಖಾಲಿ. ಜಾತಿಯ ಅಂಕಣದಲ್ಲಿ ಸೈಫೊನೊಸೋಮಾ, ಪಕ್ಕದಲ್ಲಿ ಪ್ರಶ್ನೆಚಿಹ್ನೆ. ಷರಾದ ಅಂಕಣ ಮಾತ್ರ ತುಂಬಿ ಹಾಳೆಯ ಹಿಂಬದಿಗೂ ಹರಿಯಿತು: ಕಡಲಹುಲ್ಲಿನ ಅಂಚು, ಸಣ್ಣ ಮರಳು, ತೆಳುನೀರು, ಉದ್ದಗೆರೆ ಉಂಟು, ಚೌಕ ಇಲ್ಲ, ಸೊಂಡಿಲು ಮುಂಡಕ್ಕಿಂತ ಗಿಡ್ಡ, ಗುಳ್ಳೆಗಳು ಮೊನಚು, ಮುಟ್ಟಿಲ್ಲ, ಅಲ್ಲೇ ಬಿಟ್ಟಿದ್ದೇವೆ. ಸಂಗ್ರಹಿಸುವ ಅನುಮತಿಯೂ ಸೂಕ್ಷ್ಮದರ್ಶಕವೂ ಇರುವವರು ಮುಂದೊಂದು ಇಳಿತಕ್ಕೆ ಬಂದರೆ, ಎಲ್ಲಿ ಹುಡುಕಬೇಕು, ಮೊದಲು ಏನನ್ನು ಎಣಿಸಬೇಕು ಎಂಬುದು ಆ ಹಾಳೆಯಲ್ಲಿದೆ.